ಅಕ್ಕನಿಗೊಂದು ದೇಶ ನೋಡಿದ್ದು

ಮೂರು ಜನರನ್ನು ಕೇಳಿಕೊಂಡು ಬಾ ಎಂದು ಅಕ್ಕ ನನ್ನನ್ನು ಕಳಿಸಿದಳು. ನಾನು ಕಾಫಿ ಕುಡಿದು ಬಂದೆ. ನಾನು ಮಾಡದೆ ಬಿಟ್ಟದ್ದು ಇಷ್ಟೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಗುತ್ತ ಓದಬಹುದು, ನನಗೂ ಬರೆಯುವುದು ಸ್ವಲ್ಪ ಹಗುರವಾಗುತ್ತದೆ.

ನನ್ನ ಅಕ್ಕನಿಗೆ ಯಾರ ಮುಖವೂ ನೆನಪಿರುವುದಿಲ್ಲ, ದವಡೆ ನೆನಪಿರುತ್ತದೆ. ಹೀಗೆಂದರೆ ಸುಳ್ಳು ಎನ್ನುತ್ತೀರಿ. ಬೇಕಾದರೆ ಅವಳ ಎದುರಿಗೆ ಹೋಗಿ ನಿಂತು ನೋಡಿ. ನಿಮ್ಮ ಕಣ್ಣು, ಮೂಗು, ಹಣೆಯ ಕುಂಕುಮ ಯಾವುದೂ ಅವಳಿಗೆ ಬೇಡ. ನೀವು ಬಾಯಿ ತೆರೆಯುವವರೆಗೆ ಕಾಯುತ್ತಾಳೆ, ಬೆಕ್ಕು ಹಾಲಿನ ಪಾತ್ರೆಯ ಮುಂದೆ ಕಾದ ಹಾಗೆ. ಚಾಮರಾಜಪೇಟೆಯ ಒಂದು ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಕಾರ್ಖಾನೆಯಿದೆ. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಒಲೆ, ಪ್ಲಾಸ್ಟರ್ ಪುಡಿಯಲ್ಲಿ ಬೆಳ್ಳಗಾದ ಒಂದು ಗೋಡೆ ಗಡಿಯಾರ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಾರೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವವಳು ನಮ್ಮಕ್ಕ. ಡೆಂಟಲ್ ಮೆಕ್ಯಾನಿಕ್ ಕೋರ್ಸು ಮುಗಿಸಿ ಆ ಕೋಣೆಗೆ ಹೊಕ್ಕವಳು ನಲವತ್ತು ದಾಟಿದರೂ ಹೊರಗೆ ಬಂದಿಲ್ಲ. ಹಳೇ ಬೆಂಗಳೂರಿನ ಅರ್ಧ ಜನ ಅವಳ ಹಲ್ಲಿನಲ್ಲೇ ಚಕ್ಕುಲಿ ಮುರಿಯುತ್ತಿದ್ದಾರೆ ಎಂಬುದು ನನ್ನ ಅಂದಾಜು.

ಇಂಥವಳನ್ನು ಮದುವೆ ಮನೆಗೆ ಕರೆದುಕೊಂಡು ಹೋಗುವುದು ಎಷ್ಟು ಕಷ್ಟ ಗೊತ್ತೇ? ಒಮ್ಮೆ ಪಂಕ್ತಿಯಲ್ಲಿ ಕೂತಿದ್ದಾಗ ನನ್ನ ಮೊಣಕೈ ತಿವಿದಳು.

"ಎದುರಿಗೆ ನೀಲಿ ಶಲ್ಯದವರಿದಾರಲ್ಲ, ಮೇಲಿನ ಸೆಟ್ಟು ನಂದು. ಹೋಳಿಗೆ ಮುಟ್ತಾನೇ ಇಲ್ಲ ನೋಡು. ಅಂಟ್ಕೊಂಡು ಬಂದ್ಬಿಡುತ್ತೆ ಅಂತ ಭಯ."

"ಸುಮ್ನೆ ಊಟ ಮಾಡಕ್ಕ."

ಅಷ್ಟರಲ್ಲಿ ಅವಳು ಎದ್ದು ಹೋಗಿ ಅವರೆದುರು ಬಗ್ಗಿ ನಿಂತು, "ಧೈರ್ಯವಾಗಿ ತಿನ್ನಿ ಸಾರ್, ಅದು ಅಲ್ಲಾಡಲ್ಲ, ನಾನೇ ಕೂರಿಸಿರೋದು" ಎಂದಿದ್ದಳು. ಆ ಮಹಾನುಭಾವರು ವರನ ತಂದೆ. ಅವರಿಗೆ ಕಟ್ಟಿದ ಹಲ್ಲಿದೆ ಎಂಬುದು ಬೀಗರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಹೋಳಿಗೆಯನ್ನೂ ಬಿಟ್ಟರು, ಪಂಕ್ತಿಯನ್ನೂ ಬಿಟ್ಟರು.

ಹಾಗೆಂದು ಅವಳನ್ನು ಬರೀ ಅಧಿಕಪ್ರಸಂಗಿ ಎಂದುಕೊಳ್ಳಬೇಡಿ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ತೀರಿಕೊಂಡಾಗ ಮಕ್ಕಳು ಅವರ ಸೆಟ್ಟನ್ನು ತೆಗೆದು ಲೋಟದಲ್ಲಿಟ್ಟಿದ್ದರು. ಅಕ್ಕ ಹೋದವಳೇ, "ಅವರು ಬೊಚ್ಚುಬಾಯಲ್ಲಿ ಒಂದಿನಾನೂ ಗೇಟಿನ ತನಕ ಬಂದೋರಲ್ಲ, ಇವತ್ತು ಹಾಗೆ ಕಳಿಸ್ತೀರಾ?" ಎಂದು ಲೋಟ ಎತ್ತಿಕೊಂಡಳು. ತಾನೇ ಹಲ್ಲು ಕೂರಿಸಿ, ದವಡೆ ಒತ್ತಿ, ಕಚ್ಚು ಸರಿಯಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಮೂಲೆಯಲ್ಲಿ ಕೂತು ಎಲ್ಲರಿಗಿಂತ ಜಾಸ್ತಿ ಅತ್ತಳು.

ಅವಳ ಇನ್ನೊಂದು ಹುಚ್ಚು ವಿಚಾರಣೆ. ಇದು ನಮ್ಮಪ್ಪನಿಂದ ಬಂದದ್ದು. ಅಪ್ಪನದು ಹಿಟ್ಟಿನ ಗಿರಣಿ, ಈಗ ನನ್ನದು. ಅಕ್ಕನಿಗೆ ಗಂಡು ಹುಡುಕುವಾಗ ಅಪ್ಪ ಹುಡುಗನನ್ನು ನೋಡುತ್ತಲೇ ಇರಲಿಲ್ಲ. ಹುಡುಗನ ಬೀದಿಗೆ ಹೋಗಿ ಇಸ್ತ್ರಿಯವನನ್ನು, ಹೂವಿನವಳನ್ನು, ದಿನಸಿ ಅಂಗಡಿಯವನನ್ನು ಕೇಳುತ್ತಿದ್ದರು. "ಮನುಷ್ಯ ಹೆಂಗೆ ಅಂತ ಅವನ ಬಟ್ಟೆ ಮುಟ್ಟೋನಿಗೆ ಗೊತ್ತಿರುತ್ತೆ, ದೇವರಿಗೆ ಹೂವು ಮಾರೋಳಿಗೆ ಗೊತ್ತಿರುತ್ತೆ, ಬೇಳೆ ತೂಗೋನಿಗೆ ಗೊತ್ತಿರುತ್ತೆ. ಇನ್ಯಾರಿಗೂ ಗೊತ್ತಿರಲ್ಲ" ಎಂಬುದು ಅವರ ಸಿದ್ಧಾಂತ. ಅಕ್ಕನೂ ಅವರ ಜೊತೆ ಹೋಗುತ್ತಿದ್ದಳು. ತನ್ನ ಗಂಡನ್ನು ತಾನೇ ಕದ್ದು ವಿಚಾರಿಸಿದ ಹೆಣ್ಣು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೂರೂ ಸೇರಿಸಿದರೂ ಇವಳೊಬ್ಬಳೇ ಇರಬೇಕು.

ಒಬ್ಬ ಹುಡುಗ ಇಸ್ತ್ರಿಯವನ ಮೇಲೆ ಕೂಗಾಡುತ್ತಾನೆಂದು ಬಿಟ್ಟರು. ಇನ್ನೊಬ್ಬನ ಮನೆಯವರು ನಿನ್ನೆಯ ಹೂವನ್ನು ಅರ್ಧ ಬೆಲೆಗೆ ಕೇಳುತ್ತಾರೆಂದು ಬಿಟ್ಟರು. ಒಬ್ಬ ಎಲ್ಲದರಲ್ಲೂ ಚೆನ್ನಾಗಿದ್ದ, ಆದರೆ ಅವನು ಗೇಟು ತೆಗೆದಾಗ ಅವನ ಮನೆಯ ನಾಯಿಯೇ ಅವನನ್ನು ನೋಡಿ ಬೊಗಳಿತು. "ಅನ್ನ ತಿಂದ ನಾಯೀನೇ ಒಪ್ಪಿಲ್ಲ" ಎಂದು ಅಪ್ಪ ಅಲ್ಲಿಂದಲೇ ಆಟೋ ಹತ್ತಿದರು. ಹೀಗೆ ವಿಚಾರಿಸಿ ವಿಚಾರಿಸಿ ಕೊನೆಗೆ ಗಂಡುಗಳು ಮುಗಿದುಹೋದವು. ಅಪ್ಪನೂ ಮುಗಿದರು. ಅಕ್ಕ ಮದುವೆಯಿಲ್ಲದೆ ಉಳಿದಳು, ಸಿದ್ಧಾಂತ ಮಾತ್ರ ಅವಳ ಹತ್ತಿರ ಉಳಿಯಿತು.

ನನ್ನ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನಲ್ಲಿ ಶಾಲೆಯೂ ನಾನೂ ಪರಸ್ಪರ ಒಪ್ಪಿ ಬೇರೆಯಾದೆವು. ಅದಾದ ಮೇಲೆ ಅಕ್ಕ ದಿನಾ ಗಿರಣಿಗೆ ಬಂದು, ಹಿಟ್ಟು ಕಟ್ಟಲು ತಂದ ಹಳೇ ಪೇಪರುಗಳನ್ನು ನನ್ನಿಂದ ಜೋರಾಗಿ ಓದಿಸುತ್ತಿದ್ದಳು. ಈ ನಾಲ್ಕು ಸಾಲು ಬರೆಯುವುದಕ್ಕೆ ಬರುತ್ತಿದ್ದರೆ ಅದು ಅವಳ ಹಠದಿಂದ. ಇಂಗ್ಲಿಷು ಮಾತ್ರ ಹತ್ತಲಿಲ್ಲ. ಇಂಗ್ಲಿಷ್ ಪೇಪರಿನಲ್ಲಿ ಕಟ್ಟಿದ ಹಿಟ್ಟನ್ನು ಗಿರಾಕಿಗಳು ಬೇಡ ಎನ್ನುತ್ತಿದ್ದರು, ಹಾಗಾಗಿ ಅವಕಾಶವೇ ಸಿಗಲಿಲ್ಲ.

ಇನ್ನು ದೇಶದ ವಿಷಯಕ್ಕೆ ಬರುತ್ತೇನೆ. ಬಸವನಗುಡಿಯ ಒಬ್ಬರು ನಿವೃತ್ತ ಮೇಷ್ಟ್ರು ನ್ಯೂಜಿಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಜೊತೆಗೊಂದು ಡಬ್ಬಿ ಕೋಡುಬಳೆಯೂ ಹೋಗಿತ್ತು. ಅಲ್ಲಿನ ಚಳಿಗೆ ಕೋಡುಬಳೆ ಗಟ್ಟಿಯಾಯಿತೋ ಮೇಷ್ಟ್ರೇ ಮೆತ್ತಗಾದರೋ ತಿಳಿಯದು, ಸೆಟ್ಟಿನ ಒಂದು ಮೂಲೆ ಮುರಿಯಿತು. ಅಲ್ಲಿನ ಹಲ್ಲಿನ ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ದೀಪದ ಕೆಳಗೆ ಹಿಡಿದು, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರಂತೆ. ಅವರದೇ ಒಂದು ಹಲ್ಲಿನ ಕಾರ್ಖಾನೆ ಅಲ್ಲಿದೆ, ಕೈಕೆಲಸ ಬಲ್ಲವರೇ ಸಿಗುತ್ತಿಲ್ಲ, ಈ ಕೈಯವರು ಬರುವುದಾದರೆ ಕೆಲಸ ಕೊಡುತ್ತೇನೆ ಎಂದು ಮೇಷ್ಟ್ರ ಮಗಳ ಮೂಲಕ ಬರೆದೂ ಕೊಟ್ಟರು. ಮೇಷ್ಟ್ರು ವಾಪಸು ಬಂದವರು ಆ ಓಣಿಯನ್ನು ಹುಡುಕಿಕೊಂಡು ಹೋಗಿ, "ಇಷ್ಟು ವರ್ಷ ನಿನ್ನ ಹಲ್ಲಲ್ಲೇ ಊಟ ಮಾಡ್ದೆ ಕಣಮ್ಮ, ನಿನ್ನನ್ನ ನೋಡ್ಲೇ ಇಲ್ಲ" ಎಂದರು.

ಆ ಸಂಜೆ ಅಕ್ಕ ಗಿರಣಿಗೆ ಬಂದು ನಿಂತಳು. ರಾಗಿ ಬೀಸುತ್ತಿತ್ತು.

"ಯಾರು ಮಾಡಿದ್ದು ಅಂತ ಕೇಳಿದ್ರಂತೆ ಕಣೋ."

"ಏನು?"

"ಯಾರು ಮಾಡಿದ್ದು ಅಂತ!"

ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ಹಲ್ಲುಗಳು ಡಾಕ್ಟರ ಹೆಸರಿನ ಕವರಿನಲ್ಲಿ ಹೋಗುತ್ತಿದ್ದವು. ಯಾರು ಮಾಡಿದ್ದು ಎಂದು ಇಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನನ್ನ ಹೆಂಡತಿ, "ಈ ವಯಸ್ಸಲ್ಲಿ ಅಷ್ಟು ದೂರ ಯಾಕತ್ತಿಗೆ?" ಎಂದಳು.

"ಗಂಡು ನೋಡೋ ವಯಸ್ಸು ಹೋಯ್ತು. ದೇಶ ನೋಡೋ ವಯಸ್ಸು ಇನ್ನೂ ಇದೆಯಂತೆ, ಕೇಳಿದೀನಿ" ಎಂದಳು ಅಕ್ಕ.

ದೇಶವೇನೋ ಒಪ್ಪಿತ್ತು. ಆದರೆ ನಡುವೆ ಮಾತಾಡುವವರು ಬೇಕಲ್ಲ! ವೀಸಾ, ಅರ್ಜಿ, ಪರೀಕ್ಷೆ, ಇವೆಲ್ಲ ನಮಗೆ ತಿಳಿಯದ ಮಂತ್ರ. ಕಾನೂನುಬದ್ಧವಾಗಿ ಹೋಗಬೇಕು, ತಲೆ ಎತ್ತಿಕೊಂಡು ಹೋಗಬೇಕು ಎಂಬುದು ಅವಳ ಷರತ್ತು. ಸರಿಯಾದ ಪುರೋಹಿತರನ್ನು ಹುಡುಕಬೇಕಾಗಿತ್ತು. ಅಕ್ಕ ಸಿದ್ಧಾಂತವನ್ನು ಹೊರತೆಗೆದಳು. "ಗಂಡು ಒಪ್ಪೋಕೆ ಮೂರು ತಲೆಮಾರು ವಿಚಾರಿಸ್ತಾರೆ. ದೇಶ ಬದಲಾಯ್ಸೋಕೆ ಮೂರು ಜನಾನಾದ್ರೂ ವಿಚಾರಿಸಬೇಡ್ವಾ?"

ಮೊದಲು ಸಿಕ್ಕಿದ ವೀಸಾ ಏಜೆಂಟು ನಮ್ಮ ಪೇಟೆಯವನೇ. ಗೋಡೆಯ ತುಂಬ ಬಾವುಟಗಳು. "ನೂರಕ್ಕೆ ನೂರು ಗ್ಯಾರಂಟಿ ಮೇಡಂ" ಎಂದ. ಅಕ್ಕ ಅವನ ಬಾಯಿಯನ್ನೇ ನೋಡುತ್ತಿದ್ದವಳು ಕೇಳಿದಳು, "ಗ್ಯಾರಂಟೀನಾ? ನಾನು ಮಾಡೋ ಹಲ್ಲಿಗೇ ನಾನು ಗ್ಯಾರಂಟಿ ಕೊಡಲ್ಲಪ್ಪ. ಹಲ್ಲು ನಂದು, ಬಾಯಿ ಅವರದು. ವೀಸಾ ಕೊಡೋರು ಅವರು, ಗ್ಯಾರಂಟಿ ನೀನು ಹೆಂಗೆ ಕೊಡ್ತೀಯ?" ಅವನು ನೀರು ಕುಡಿದ. ನಾವು ಹೊರಗೆ ಬಂದೆವು.

ಎರಡನೆಯವನ ಬೀದಿಯ ಇಸ್ತ್ರಿಯವನು ಪೆಟ್ಟಿಗೆಯಿಂದ ತಲೆ ಎತ್ತದೆ ಹೇಳಿದ, "ಹೋದ ವರ್ಷ ಇದೇ ಬೋರ್ಡಲ್ಲಿ ಸೈಟು ಮಾರ್ತಿದ್ರು ಅಮ್ಮ. ಅದಕ್ಕೂ ಮುಂಚೆ ಜಾತಕ ನೋಡ್ತಿದ್ರು. ಶರ್ಟು ಮಾತ್ರ ಅದೇ." ಆ ಎರಡನೆಯವನೂ ಹೋದ. ಮೂರನೆಯವನು ವಿಳಾಸವನ್ನೇ ಕೊಡದೆ ಕಾಫಿ ಹೋಟೆಲಿನಲ್ಲಿ ಸಿಗೋಣ ಎಂದ. "ಬೀದಿಯೇ ಇಲ್ದಿರೋನನ್ನ ಯಾವ ಬೀದೀಲಿ ವಿಚಾರಿಸೋದು?" ಎಂದು ಅಕ್ಕ ಫೋನಿಟ್ಟಳು.

ನಾಲ್ಕನೆಯವನದು ಬಸವನಗುಡಿ. ಅವನನ್ನು ವಿಚಾರಿಸಬೇಕಾದ ಹೊತ್ತಿಗೆ ಅಕ್ಕನಿಗೆ ಕಾರ್ಖಾನೆಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಲಗ್ನದ ಕಾಲ, ಊರಿನ ಅಜ್ಜ ಅಜ್ಜಿಯರಿಗೆಲ್ಲ ಫೋಟೋಗೆ ಹಲ್ಲು ಬೇಕಾಗಿತ್ತು. ಅವಳು ನನ್ನನ್ನು ಕರೆದಳು.

"ನೀನು ಹೋಗಿ ಬಾ. ಹೆಣ್ಣಿನ ತಮ್ಮ ತಾನೇ ನೀನು? ವಿಚಾರಿಸೋದು ನಿನ್ನ ಹಕ್ಕು. ಆಫೀಸಿಗೆ ಆಮೇಲೆ ಹೋಗು. ಮೊದಲು ಇಸ್ತ್ರಿಯವನು, ಹೂವಿನವಳು, ಅಂಗಡಿಯವನು. ಅಷ್ಟು ಕೇಳ್ಕೊಂಡು ಬಂದ್ಬಿಡು, ಸಾಕು."

ಹೋದೆ. ಎದುರಿಗೇ ಮರದ ಕೆಳಗೆ ಇಸ್ತ್ರಿಯವನ ಗಾಡಿ ಇತ್ತು. ನಾಲ್ಕು ಜನ ಬಟ್ಟೆ ಹಿಡಿದು ನಿಂತಿದ್ದರು. ಬಿಸಿಲು ಬೇರೆ. ಆಮೇಲೆ ಕೇಳೋಣ ಎಂದು ಮಹಡಿ ಹತ್ತಿದೆ. ಅಲ್ಲೊಂದು ಗಾಜಿನ ಬಾಗಿಲು. ಗಾಜಿನ ಬಾಗಿಲೆಂದರೆ ನನಗೆ ಹೆದರಿಕೆ. ಎಳೆಯಬೇಕೋ ತಳ್ಳಬೇಕೋ ಎಂಬುದನ್ನು ಯಾವಾಗಲೂ ಇಂಗ್ಲಿಷಿನಲ್ಲೇ ಬರೆದಿರುತ್ತಾರೆ. ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೆ. ಒಳಗಿನಿಂದ ಒಂದು ಹುಡುಗಿ ಬಂದು ಬಾಗಿಲು ತೆಗೆದು, "ಬನ್ನಿ ಸರ್" ಎಂದಳು.

ಸರ್!

ನಮ್ಮ ಬೀದಿಯಲ್ಲಿ ನನ್ನನ್ನು 'ಗಿರಣಿ' ಎನ್ನುತ್ತಾರೆ. "ಗಿರಣಿ, ಗೋಧಿ ಸಣ್ಣಗೆ", "ಏ ಗಿರಣಿ, ನಮ್ಮ ಡಬ್ಬ ಎಲ್ಲಿ?" ಎಂದೇ ಕರೆಯುವುದು. ಮಗನ ಶಾಲೆಯಲ್ಲಿ 'ಫಾದರ್' ಎನ್ನುತ್ತಾರೆ. ಸರ್ ಎಂದು ಹುಟ್ಟಿದಾರಭ್ಯ ಯಾರೂ ಕರೆದಿರಲಿಲ್ಲ. ಟೈ ಕಟ್ಟಿದ ಮಾಲೀಕ ಎದ್ದು ನಿಂತು ಕೈ ಕುಲುಕಿದ. ನನ್ನ ಅಂಗೈಯ ಹಿಟ್ಟು ಅವನ ಕೈಗೆ ಹತ್ತಿತು, ಅವನು ಒರೆಸಿಕೊಳ್ಳಲಿಲ್ಲ. ಕಾಫಿ ತರಿಸಿದ. "ನಿಮ್ಮಂಥ ಬ್ರದರ್ ಇರೋದು ಮೇಡಂ ಪುಣ್ಯ ಸರ್" ಎಂದ. ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ನಾನು ತಿಳಿದವನ ಹಾಗೆ ತಲೆಯಾಡಿಸಿದೆ. ನಿಮಗೆ ಪರವಾನಗಿ ಇದೆಯೇ, ನಿಮ್ಮ ಕೈಯಿಂದ ಯಾರು ಹೋಗಿದ್ದಾರೆ ಎಂದು ಕೇಳಬಹುದಿತ್ತು. ಕೇಳಿದರೆ ನಾನು ಸರ್ ಅಲ್ಲ, ಗಿರಣಿ ಎಂದು ಗೊತ್ತಾಗಿಬಿಡುತ್ತದಲ್ಲ?

ಕೆಳಗಿಳಿದಾಗ ಇಸ್ತ್ರಿ ಗಾಡಿಯ ಮುಂದೆ ಜನ ಇನ್ನೂ ಇದ್ದರು. ಸರ್ ಆದವನು ಇಸ್ತ್ರಿಯವನ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆಯೇ? ಮನೆಗೆ ಬಂದೆ.

"ಕೇಳಿದ್ಯಾ?" ಎಂದಳು ಅಕ್ಕ, ಕೈಯಲ್ಲೊಂದು ಕೆಳದವಡೆ ಹಿಡಿದುಕೊಂಡು.

"ಕೇಳ್ದೆ."

"ಇಸ್ತ್ರಿಯವನು ಏನಂದ?"

"ಬಟ್ಟೆ ಕೊಡುವಾಗ ಜೇಬು ತಾವೇ ನೋಡಿ ಕೊಡ್ತಾರಂತೆ. ಒಂದಿನಾನೂ ಜಗಳ ಇಲ್ಲ."

"ಹೂವಿನವಳು?"

"ದಿನಾ ಎರಡು ಮೊಳ ಮಲ್ಲಿಗೆ. ಹಬ್ಬಕ್ಕೆ ಮಾಲೆ. ಚೌಕಾಸಿ ಇಲ್ಲ."

"ಅಂಗಡಿಯವನು?"

"ಸಾಲ ಬರೆಸಲ್ವಂತೆ. ಒಳ್ಳೆ ಮನೆತನ ಅಂದ."

ಕಟ್ಟುವುದಕ್ಕೆ ಕೂತರೆ ಎಂಥ ಚೆಂದದ ಜನರನ್ನು ಕಟ್ಟಿದೆ ನೋಡಿ! ಆ ಹೂವಿನವಳ ಧ್ವನಿಯೂ ನನಗೆ ಕೇಳಿಸುತ್ತಿತ್ತು. ಅಕ್ಕ ಕೆಳದವಡೆಯನ್ನು ಮೇಜಿನ ಮೇಲಿಟ್ಟು, "ಅಪ್ಪನೇ ಹೋಗಿ ಬಂದಂಗಾಯ್ತು ಕಣೋ" ಎಂದಳು.

ಅವಳು ಹಾಗೆನ್ನಬಾರದಿತ್ತು.

ಅಕ್ಕ ಟೈ ಕಟ್ಟಿದವನ ಮುಂದೆ ಕೂತು, ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಖಾಲಿ ಹಾಳೆಯಲ್ಲೂ ಹಾಕಿದಳು. ಹಾಲಿನವನಿಂದ ಚಿಲ್ಲರೆ ತೆಗೆದುಕೊಂಡರೂ ಎರಡು ಸಲ ತಿರುಗಿಸಿ ನೋಡುವವಳು, "ಆಮೇಲೆ ತುಂಬ್ಕೋತೀವಿ ಮೇಡಂ" ಎಂದರೆ ಸರಿ ಎಂದಳು. ಅವನ ಬಾಯಿಯನ್ನು ಸರಿಯಾಗಿ ನೋಡಿದಳೋ ಇಲ್ಲವೋ. ತಮ್ಮ ವಿಚಾರಿಸಿದ್ದಾನಲ್ಲ, ನೋಡುವುದೇನು!

ಕೆಲವು ತಿಂಗಳ ಮೇಲೆ ಆ ದೇಶದ ವೀಸಾ ಕಚೇರಿಯಿಂದ ಅವಳ ಫೋನಿಗೆ ಒಂದು ಪತ್ರ ಬಂತು. ಮೇಷ್ಟ್ರ ಮನೆಗೆ ಹೋಗಿ ಓದಿಸಿದೆವು. ನೀವು ಬೆಂಗಳೂರಿನ ದೊಡ್ಡ ದಂತ ಆಸ್ಪತ್ರೆಯೊಂದರಲ್ಲಿ ಮುಖ್ಯಸ್ಥೆಯಾಗಿದ್ದೀರೆಂದು ಅರ್ಜಿಯಲ್ಲಿದೆ, ಪದವಿ ಪತ್ರವನ್ನೂ ಲಗತ್ತಿಸಿದ್ದೀರಿ. ಆ ಆಸ್ಪತ್ರೆಯವರು ನಿಮ್ಮ ಹೆಸರೇ ಕೇಳಿಲ್ಲ ಎನ್ನುತ್ತಾರೆ. ಇದಕ್ಕೆ ನಿಮ್ಮ ವಿವರಣೆ ಏನು? ಗಡುವಿನೊಳಗೆ ತಿಳಿಸಿ. ಪತ್ರದ ತಿರುಳು ಇಷ್ಟು. ಟೈ ಕಟ್ಟಿದವನು ನಮ್ಮಕ್ಕನನ್ನು ಖಾಲಿ ಹಾಳೆಯಲ್ಲಿ ಮುಖ್ಯಸ್ಥೆ ಮಾಡಿಬಿಟ್ಟಿದ್ದ.

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಸುಳ್ಳು ಹೇಳಿದವಳೆಂದು ಒಮ್ಮೆ ಹೆಸರಿಗೆ ಅಂಟಿದರೆ ಈ ಬಾಗಿಲು ಮುಚ್ಚಿತು, ಬೇರೆ ದೇಶಗಳ ಬಾಗಿಲೂ ಕಷ್ಟ ಎಂದರು. ಅಕ್ಕ ಏನೆಂದಳು ಗೊತ್ತೇ?

"ಅಷ್ಟು ದೂರದಿಂದ ವಿಚಾರಿಸಿದಾರೆ ನೋಡಿ ಮೇಷ್ಟ್ರೇ. ದೇಶ ಅಂದ್ರೆ ಹಿಂಗಿರ್ಬೇಕು."

ನಾನು ಬಾಗಿಲಾಚೆ ಬಿಟ್ಟ ನನ್ನ ಚಪ್ಪಲಿ ನೋಡುತ್ತ ಕೂತೆ.

ಮಾರನೆಯ ದಿನ ನಾನೊಬ್ಬನೇ ಬಸವನಗುಡಿಗೆ ಓಡಿದೆ. ಗಾಜಿನ ಬಾಗಿಲಿಗೆ ಬೀಗ. ಈ ಸಲ ಎಳೆದೂ ನೋಡಿದೆ, ತಳ್ಳಿಯೂ ನೋಡಿದೆ. ಕೆಳಗೆ ಇಸ್ತ್ರಿ ಗಾಡಿಯ ಮುಂದೆ ಒಬ್ಬರೂ ಇರಲಿಲ್ಲ.

"ಅವರಾ? ಖಾಲಿ ಮಾಡ್ಕೊಂಡು ಹೋದ್ರು ಸ್ವಾಮಿ. ದಿನಾ ಯಾರಾದ್ರೂ ಬಂದು ಅಳ್ತಾನೇ ಇದ್ರು ಇಲ್ಲಿ. ನೀವು ಯಾವಾಗ ದುಡ್ಡು ಕೊಟ್ಟಿದ್ದು?"

ಹೇಳಿದೆ.

"ಅವಾಗ್ಲೂ ಅಳ್ತಿದ್ರು" ಎಂದು ಅವನು ಕೆಂಡ ಕೆದಕಿದ.

ಅಕ್ಕನಿಗೆ ಬಾಗಿಲು ಹಾಕಿದೆ ಎಂದಷ್ಟೇ ಹೇಳಿದೆ. ಬೈಯಲಿಲ್ಲ ಅವಳು. "ಹೋಗ್ಲಿ ಬಿಡು. ಇಸ್ತ್ರಿಯವನ ಕಣ್ಣಿಗೂ ಮಣ್ಣೆರಚಿದಾನೆ ಅಂದ್ರೆ ಎಂಥ ಕಳ್ಳ ಇರ್ಬೇಕು" ಎಂದಳು. ಆ ಪಾಪದ ಇಸ್ತ್ರಿಯವನ ತಲೆಗೆ ನನ್ನ ತಪ್ಪು ಸುತ್ತಿಕೊಂಡಿತು. ನಾನು ಸುಮ್ಮನಿದ್ದೆ.

ಸುಮ್ಮನಿದ್ದೆ ಎಂದರೆ ಪೂರ್ತಿ ನಿಜವಲ್ಲ. ದಿನಾ ಸಂಜೆ ಅಕ್ಕ ಕೆಲಸ ಮುಗಿಸಿ ಗಿರಣಿಗೆ ಬರುತ್ತಾಳೆ. ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು ಗೋಧಿ ಮೂಟೆಯ ಮೇಲೆ ಕೂತು ಇಂಗ್ಲಿಷ್ ಪರೀಕ್ಷೆಯ ಪಾಠ ಕೇಳುತ್ತಾಳೆ. ಈಗಲೂ ಕೇಳುತ್ತಾಳೆ. "ಈ ಸದ್ದಲ್ಲಿ ಅರ್ಥ ಆದ್ರೆ ಪರೀಕ್ಷೆ ಹಾಲಲ್ಲಿ ಅರ್ಥ ಆಗಲ್ವಾ?" ಎಂಬುದು ಅವಳ ಲೆಕ್ಕ. ಪತ್ರ ಬಂದ ಮೇಲೂ ಅವಳು ಪಾಠ ನಿಲ್ಲಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಬೆಲ್ಟು ತಿರುಗುವಾಗ ನಮ್ಮ ಅಂಗಡಿಯಲ್ಲಿ ದೇವರು ಮಾತಾಡಿದರೂ ಕೇಳಿಸುವುದಿಲ್ಲ. ಹಾಗಾಗಿ ಮಿಷನ್ನು ಓಡುವಾಗ ನಾನು ಅವಳ ಕಡೆ ತಿರುಗಿ, ತಪ್ಪಾಯ್ತು ಅಕ್ಕ, ನಾನು ಕೇಳಲೇ ಇಲ್ಲ ಎಂದು ಹೇಳಿಬಿಡುತ್ತಿದ್ದೆ. ಸ್ವಿಚ್ಚು ಆರಿಸಿದ ಕೂಡಲೇ ನನ್ನ ಬಾಯಿಯೂ ಆರುತ್ತಿತ್ತು. ಗಿರಾಕಿಗಳು, "ಏನು ಗಿರಣಿ, ಮಂತ್ರ ಹೇಳ್ತಿದೀಯಾ?" ಎಂದು ನಗುತ್ತಿದ್ದರು.

ಇತ್ತ ಮೇಷ್ಟ್ರ ಮಗಳು ಅಲ್ಲಿಂದ ಫೋನು ಮಾಡಿ ನಾವು ಮೊದಲೇ ತಿಳಿಯಬೇಕಾಗಿದ್ದ ಒಂದು ವಿಷಯ ಹೇಳಿದಳು. ಆ ದೇಶಕ್ಕೆ ಹೋಗುವವರಿಗೆ ಸಲಹೆ ಕೊಡುವವರು ಅಲ್ಲಿನ ಸರ್ಕಾರದ ಪರವಾನಗಿ ಪಡೆದಿರಬೇಕು. ವಕೀಲರಂಥ ಕೆಲವರನ್ನು ಬಿಟ್ಟರೆ ಬೇರೆ ಯಾರೂ ಹಣ ತೆಗೆದುಕೊಂಡು ಸಲಹೆ ಕೊಡುವ ಹಾಗಿಲ್ಲ. ಪರವಾನಗಿ ಇದ್ದವರ ಹೆಸರು ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ, ಕಾಸು ಕೊಡದೆ ನೋಡಬಹುದು. ನನ್ನ ಹೆಂಡತಿ ಹತ್ತೇ ನಿಮಿಷದಲ್ಲಿ ಫೋನಿನಲ್ಲಿ ಹುಡುಕಿದಳು. ಟೈ ಕಟ್ಟಿದವನ ಹೆಸರು ಅಲ್ಲಿರಲಿಲ್ಲ. ಮಲ್ಲೇಶ್ವರದ ಒಬ್ಬ ಮೇಡಂ ಹೆಸರಿತ್ತು.

"ಸರ್ಕಾರ ವಿಚಾರಿಸಿದೆ, ಸರಿ. ಇಸ್ತ್ರಿಯವನನ್ನ ನಾನು ವಿಚಾರಿಸ್ತೀನಿ" ಎಂದಳು ಅಕ್ಕ. ಈ ಸಲ ನನ್ನನ್ನು ಕಳಿಸಲಿಲ್ಲ, ಜೊತೆಗೆ ಕರೆದುಕೊಂಡು ಹೋದಳು. ಇಸ್ತ್ರಿಯವನು ತಕರಾರಿಲ್ಲ ಎಂದ. ಹೂವಿನವಳಿಗೆ ಪರಿಚಯವೇ ಇರಲಿಲ್ಲ. ಅಕ್ಕ ತರಕಾರಿಯವಳನ್ನು ಹಿಡಿದಳು.

"ಆ ಕನ್ನಡಕದ ಮೇಡಮ್ಮಾ? ಅಯ್ಯೋ, ಬದನೇಕಾಯಲ್ಲಿ ಹುಳ ಇದ್ರೆ ಮಾರನೇ ದಿನ ವಾಪಸ್ ತಂದು ತೋರಿಸ್ತಾರೆ ಕಣಮ್ಮ. ದುಡ್ಡು ಬೇಡ, ನೋಡ್ಕೋ ಅಂತಾರೆ. ತಲೆ ತಿಂತಾರೆ."

"ಇವರೇ" ಎಂದಳು ಅಕ್ಕ.

ಮೇಡಂ ಮನೆಯ ಮುಂಭಾಗವೇ ಆಫೀಸು. ಮರದ ಬಾಗಿಲು, ತೆರೆದೇ ಇತ್ತು. ಯಾರೂ ನನ್ನನ್ನು ಸರ್ ಎನ್ನಲಿಲ್ಲ. "ನೀವು ತಮ್ಮನಾ? ಕೂತ್ಕೊಳ್ಳಿ, ಚಪ್ಪಲಿ ಹೊರಗೆ ಬಿಡಿ" ಎಂದರು. ಮುಂದಿನ ಒಂದು ಹಲ್ಲು ಸೊಟ್ಟಗಿತ್ತು. ಅಕ್ಕ ನನ್ನ ಕಿವಿಯಲ್ಲಿ, "ಸರಿ ಮಾಡಿಸ್ಕೋಬಹುದಿತ್ತು, ಮಾಡಿಸ್ಕೊಂಡಿಲ್ಲ. ಇದ್ದಿದ್ದನ್ನ ಇದ್ದಂಗೇ ಇಟ್ಕೊಂಡಿದಾರೆ" ಎಂದಳು. ಅವಳಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಮೇಡಂ ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

"ನೋಡಿ, ನಾನು ಆಗುತ್ತೆ ಅಂತ ಹೇಳಲ್ಲ. ವೀಸಾ ಕೊಡೋದು ಬಿಡೋದು ಅವರದು. ನಿಮ್ಮ ಕೋರ್ಸು ನಿಜ, ನಿಮ್ಮ ಕೆಲಸ ನಿಜ, ಆ ಡಾಕ್ಟರು ಬರೆದು ಕೊಟ್ಟಿರೋದೂ ನಿಜ. ಅಲ್ಲಿ ಈ ಕೆಲಸ ಮಾಡೋಕೆ ನೋಂದಣಿ ಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗ್ಬೇಕು, ಅದೆಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡ್ಬೇಕು. ಇದು ಹೆಂಗಾಯ್ತು ಅಂತ ನಡೆದಿದ್ದು ನಡೆದ ಹಾಗೆ ಹೇಳಿ. ಚೆನ್ನಾಗಿ ಕಾಣ್ಸೋದು ಬೇಡ. ಇನ್ನೊಂದು ಸುಳ್ಳು ಸೇರಿದ್ರೆ ನಾನು ಕೈ ಹಾಕಲ್ಲ. ಅವರು ಮತ್ತೆ ವಿಚಾರಿಸ್ತಾರೆ."

"ಹೇಳ್ತೀನಿ" ಎಂದಳು ಅಕ್ಕ.

"ಖಾಲಿ ಹಾಳೆಗೆ ಯಾಕೆ ಸಹಿ ಹಾಕಿದ್ರಿ? ನೋಡಿದ್ರೆ ಅಂಥೋರ ಥರ ಕಾಣಲ್ಲ ನೀವು. ಅವನ ಬಗ್ಗೆ ಯಾರನ್ನೂ ಕೇಳಿರ್ಲಿಲ್ವಾ?"

ಅಕ್ಕ ಸೆರಗು ಸರಿಮಾಡಿಕೊಂಡಳು.

"ಇಲ್ಲ ಮೇಡಂ. ಕೇಳ್ಬೇಕಾಗಿತ್ತು. ನಾನೇ ಹೋಗಿ ಬರಬೇಕಿತ್ತು, ಕೆಲಸದ ಗಡಿಬಿಡಿ, ಹೋಗ್ಲಿಲ್ಲ. ನಂದೇ ತಪ್ಪು. ಹಾಗೇ ಬರ್ಕೊಳಿ."

ಮೇಡಂ ಪೆನ್ನು ಎತ್ತಿಕೊಂಡರು.

ನಾನು ಅಕ್ಕನ ಕಡೆ ನೋಡಿದೆ. ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಬಾಯಿಗೆ ಬಂದದ್ದನ್ನು ಹೇಳಿಬಿಡುವವಳು, ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೆಸರೇ ಬರದ ಹಾಗೆ ಹೇಳುತ್ತಿದ್ದಳು. ತಮ್ಮ ತನಗೆ ಹೇಳಿದ ಇಸ್ತ್ರಿಯವನೂ ಇಲ್ಲ, ಹೂವಿನವಳೂ ಇಲ್ಲ ಎಂಬಂತೆ. ಆಗ ಅವಳು ನನ್ನ ಕಡೆ ತಿರುಗಿದಳು. ಕಣ್ಣನ್ನಲ್ಲ, ಬಾಯಿಯನ್ನು ನೋಡಿದಳು. ಸಂಜೆ ಸಂಜೆ ಗೋಧಿ ಮೂಟೆಯ ಮೇಲೆ ಕೂತು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಇದೇ ಬಾಯಿಯನ್ನು ನೋಡುತ್ತಿದ್ದವಳು.

ಬೆಲ್ಟಿನ ಸದ್ದಿನಲ್ಲಿ ನಾನಂದದ್ದನ್ನು ನನ್ನ ತುಟಿಯಲ್ಲೇ ಎಷ್ಟು ಸಂಜೆ ಓದಿದ್ದಳೋ. ಒಂದು ದಿನವೂ 'ಏನೋ ಅದು?' ಎಂದು ಕೇಳಿರಲಿಲ್ಲ.

ಮಲ್ಲೇಶ್ವರದ ಆ ಮನೆಯಲ್ಲಿ ಬೆಲ್ಟಿನ ಸದ್ದಿರಲಿಲ್ಲ. ಫ್ಯಾನು ಕೂಡ ತಿರುಗುತ್ತಿರಲಿಲ್ಲ. ನನ್ನ ಧ್ವನಿ ನನಗೇ ಗಿರಾಕಿಯ ಧ್ವನಿಯ ಹಾಗೆ ಜೋರಾಗಿ ಕೇಳಿಸಿತು.

"ಮೇಡಂ, ಅದನ್ನ ಬರೀಬೇಡಿ. ಅಕ್ಕ ಕಳಿಸಿದ್ಲು, ನಾನು ಹೋಗಿದ್ದೆ. ಇಸ್ತ್ರಿಯವನು ಎದುರಿಗೇ ಇದ್ದ, ನಾನು ಕೇಳ್ಲಿಲ್ಲ. ಅವರು ನನ್ನನ್ನ ಸರ್ ಅಂದ್ರು. ಕಾಫಿ ಕುಡಿದು ಬಂದ್ಬಿಟ್ಟೆ. ಎಲ್ಲರೂ ಒಳ್ಳೆಯವನು ಅಂದ್ರು ಅಂತ ಅಕ್ಕಂಗೆ ಸುಳ್ಳು ಹೇಳ್ದೆ. ಅದಕ್ಕೇ ಅವಳು ಸಹಿ ಹಾಕಿದ್ದು. ಹಂಗೇ ಬರೀರಿ, ನನ್ನ ಹೆಸರು ಹಾಕಿ."

ಮೇಡಂ ಬರೆಯುವುದನ್ನು ನಿಲ್ಲಿಸಿದ್ದರು. ನಾನು ಅಕ್ಕನ ಕಡೆ ತಿರುಗಿದೆ.

"ತಪ್ಪಾಯ್ತು, ಅಕ್ಕ."